ಹತ್ತನೇ ವಯಸ್ಸಿಗೇ ಮಗನ ದಾರಿ ತೀರ್ಮಾನವಾಗಿಬಿಡುತ್ತಾ?

ಪ್ರಶ್ನೆ: ನಾವು ಹಾಸನದವರು, ಈಗ ಮ್ಯೂನಿಕ್‌ನಲ್ಲಿದ್ದೇವೆ. ಮಗ ಎರಡನೇ ಕ್ಲಾಸಿನ ಅರ್ಧದಲ್ಲಿ ಇಲ್ಲಿನ ಶಾಲೆಗೆ ಸೇರಿದ. ಈಗ ನಾಲ್ಕನೇ ಕ್ಲಾಸು. ಗಣಿತದಲ್ಲಿ 2, ಪರಿಸರ ಪಾಠದಲ್ಲಿ 3, ಜರ್ಮನ್‌ನಲ್ಲಿ 4 ಬರುತ್ತಿದೆ. ಹೀಗೇ ಇದ್ದರೆ ಮಿಟೆಲ್‌ಶೂಲೆಗೆ (ಹೆಚ್ಚಾಗಿ ವೃತ್ತಿ ತರಬೇತಿಯತ್ತ ಒಯ್ಯುವ ಶಾಲೆ) ಹೋಗಬೇಕಾಗಬಹುದು ಎಂದು ಟೀಚರ್ ಹೇಳಿದರು. ವಿಶ್ವವಿದ್ಯಾಲಯಕ್ಕೆ ನೇರ ದಾರಿಯಾದ ಗಿಮ್ನಾಜಿಯಂ ಶಾಲೆ ಸಿಗದಿದ್ದರೆ ಇಂಜಿನಿಯರಿಂಗ್ ಆಸೆ ಬಿಡಬೇಕೇ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಆತಂಕ ಸುಮ್ನೆ ಬಂದದ್ದಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಈ ವಿಷಯದ ನಿಯಮ ಬಿಗಿಯಾಗಿದೆ. ಆದರೆ ನಿಮ್ಮ ಮಗನಿಗೆ ಅನ್ವಯವಾಗುವ ಒಂದು ವಿನಾಯಿತಿಯೂ ಇದೆ. ಅದನ್ನು ನಿಮಗೆ ಯಾರೂ ಹೇಳಿದಂತೆ ಕಾಣುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಅಲ್ಲಿ 1 ಅತ್ಯುತ್ತಮ, 6 ಅತಿ ಕಡಿಮೆ. ಮೇ ತಿಂಗಳ ಆರಂಭದಲ್ಲಿ ಕೊಡುವ ಸರ್ಟಿಫಿಕೇಟಿನಲ್ಲಿ ಜರ್ಮನ್, ಗಣಿತ, ಪರಿಸರ ಪಾಠ ಈ ಮೂರರ ಸರಾಸರಿ ನೋಡುತ್ತಾರೆ. ಗಿಮ್ನಾಜಿಯಂಗೆ 2.33, ಅದಕ್ಕೂ ಮಿಟೆಲ್‌ಶೂಲೆಗೂ ನಡುವಿನ ಮಟ್ಟದ ರೆಯಾಲ್‌ಶೂಲೆಗೆ 2.66. ಅಂದರೆ ಮೂರೂ ಗ್ರೇಡ್ ಕೂಡಿದರೆ ಗಿಮ್ನಾಜಿಯಂಗೆ 7ನ್ನು, ರೆಯಾಲ್‌ಶೂಲೆಗೆ 8ನ್ನು ದಾಟಬಾರದು. ನಿಮ್ಮ ಮಗನದು 9, ಸರಾಸರಿ 3.

ಈಗ ಆ ವಿನಾಯಿತಿ. ಮಾತೃಭಾಷೆ ಜರ್ಮನ್ ಅಲ್ಲದ, ಒಂದನೇ ಕ್ಲಾಸಿನಿಂದಲೇ ಜರ್ಮನ್ ಶಾಲೆಯಲ್ಲಿ ಓದದ ಮಕ್ಕಳಿಗೆ 3.33ರವರೆಗೂ ಅರ್ಹತೆ ಕೊಡಲು ಅವಕಾಶವಿದೆ. ಗ್ರೇಡ್ ಕಡಿಮೆಯಾಗಲು ಭಾಷೆಯೇ ಕಾರಣ, ಅದು ಮುಂದೆ ಸರಿಹೋಗುತ್ತದೆ ಎಂದು ಶಾಲೆಗೆ ಅನ್ನಿಸಬೇಕು. ತಾನಾಗಿಯೇ ಸಿಗುವ ಹಕ್ಕು ಇದಲ್ಲ, ಶಾಲೆಯ ತೀರ್ಮಾನ. ಹಾಗಾಗಿ ಸರ್ಟಿಫಿಕೇಟ್ ಬರುವ ಮೊದಲೇ ಕ್ಲಾಸ್ ಟೀಚರ್ ಬಳಿ ಸಮಯ ಕೇಳಿ. ಮಗ ಯಾವಾಗ ಸೇರಿದ ಎಂಬುದನ್ನು ನೆನಪಿಸಿ, ಈ ನಿಯಮದ ಬಗ್ಗೆ ನೇರವಾಗಿ ಕೇಳಿ. ಸಂಕೋಚ ಬೇಡ. ಕಡಿಮೆ ದಿನ ಜರ್ಮನ್ ಕಲಿತೂ ಗಣಿತದಲ್ಲಿ 2 ತಂದ ಮಗುವಿನ ಪರವಾಗಿ ಮಾತಾಡುವುದು ಸಿಫಾರಸು ಅಲ್ಲ.

ಅದಾಗದಿದ್ದರೆ ಪರೀಕ್ಷಾ ಪಾಠಗಳಿವೆ. ಮಗು ಸೇರಬೇಕಾದ ಶಾಲೆಯಲ್ಲೇ ಮೂರು ದಿನ ಜರ್ಮನ್ ಮತ್ತು ಗಣಿತ ನಡೆಯುತ್ತದೆ. ಒಂದರಲ್ಲಿ 3, ಇನ್ನೊಂದರಲ್ಲಿ 4 ಬಂದರೆ ಪಾಸ್. ಎರಡರಲ್ಲೂ 4 ಬಂದರೆ ತಂದೆ-ತಾಯಿಯ ಇಚ್ಛೆಯಂತೆ ಸೇರಿಸಬಹುದು.

ಇಂಜಿನಿಯರಿಂಗ್ ಬಗ್ಗೆ ಹೇಳುವುದಾದರೆ, ಗಿಮ್ನಾಜಿಯಂ ಒಂದೇ ದಾರಿಯಲ್ಲ. ರೆಯಾಲ್‌ಶೂಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ ಫಾಖ್‌ಓಬರ್‌ಶೂಲೆ ಸೇರಬಹುದು. ಅಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿದರೆ ಅನ್ವಯಿಕ ವಿಜ್ಞಾನಗಳ ಕಾಲೇಜುಗಳಿಗೆ ಪ್ರವೇಶವಿದೆ. ಜರ್ಮನಿಯ ಬಹಳಷ್ಟು ಇಂಜಿನಿಯರುಗಳು ಓದುವುದು ಅಲ್ಲೇ. ಹದಿಮೂರನೇ ಕ್ಲಾಸಿನ ನಂತರ ವಿಶ್ವವಿದ್ಯಾಲಯಕ್ಕೂ ಹೋಗಬಹುದು. ಮಿಟೆಲ್‌ಶೂಲೆಯಲ್ಲೂ ಎಂ-ಕ್ಲಾಸ್ ಮೂಲಕ ಹತ್ತನೇ ಕ್ಲಾಸಿನ ಅದೇ ಮಟ್ಟದ ಸರ್ಟಿಫಿಕೇಟ್ ಪಡೆಯಬಹುದು. ಆದರೆ ದಾರಿ ಇದೆ ಎಂದ ಮಾತ್ರಕ್ಕೆ ಸಲೀಸು ಎಂದು ನಾನು ಹೇಳಲಾರೆ. ಕೆಳಗಿನಿಂದ ಮೇಲೆ ಹೋಗುವಾಗ ಪ್ರತಿ ಹಂತದಲ್ಲೂ ಗ್ರೇಡ್ ಕೇಳುತ್ತಾರೆ. ಅದಕ್ಕೇ ಈಗ ಸಾಧ್ಯವಿರುವುದನ್ನು ಈಗಲೇ ಕೇಳಿ ಎನ್ನುತ್ತಿದ್ದೇನೆ.

ಮನೆಯಲ್ಲಿ ಕನ್ನಡ ಬಿಡಬೇಡಿ. ಗಣಿತದ ಟ್ಯೂಷನ್ ಈಗ ಬೇಕಿಲ್ಲ. ಅವನು ಜಾಸ್ತಿ ಹೊತ್ತು ಜರ್ಮನ್ ಮಾತಾಡುವ ಜಾಗ ಬೇಕು: ಫುಟ್‌ಬಾಲ್ ಕ್ಲಬ್, ಲೈಬ್ರರಿ, ಗೆಳೆಯರ ಮನೆ. ಮತ್ತು ಅವನ ಮುಂದೆ ‘ಮಿಟೆಲ್‌ಶೂಲೆ’ ಎನ್ನುವುದನ್ನು ಬೈಗುಳದಂತೆ ಬಳಸಬೇಡಿ. ನಾಳೆ ಅಲ್ಲಿಗೇ ಹೋದರೆ ಆ ಮಾತು ಅವನ ಜೊತೆಗೇ ಬರುತ್ತದೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹತ್ತು ವರ್ಷದ ಮಕ್ಕಳನ್ನು ಹೀಗೆ ಬೇರೆ ಮಾಡುವುದನ್ನು ಜರ್ಮನಿ ಇನ್ನೂ ಯಾಕೆ ಬಿಟ್ಟಿಲ್ಲ?

ಉತ್ತರ: ಮೇಡಂ, ನಾಲ್ಕು ವರ್ಷ ಒಟ್ಟಿಗೆ ಓದುವುದೇ ಒಂದು ಕಾಲಕ್ಕೆ ಸುಧಾರಣೆಯಾಗಿತ್ತು. 1920ರ ಕಾನೂನಿಗೆ ಮುಂಚೆ ಉಳ್ಳವರ ಮಕ್ಕಳಿಗೆ ಮೊದಲಿನಿಂದಲೇ ಬೇರೆ ಶಾಲೆಗಳಿದ್ದವು. ಎರಡನೇ ಮಹಾಯುದ್ಧದ ನಂತರ ಈ ವಿಂಗಡಣೆ ಬಿಡಿ ಎಂದು ಅಮೆರಿಕನ್ನರು ಒತ್ತಾಯಿಸಿದರು. ಬವೇರಿಯಾ ಒಪ್ಪಲಿಲ್ಲ. ಶಿಕ್ಷಣ ರಾಜ್ಯಗಳ ಕೈಯಲ್ಲಿರುವುದರಿಂದ ಈಗಲೂ ಒಂದೊಂದು ಕಡೆ ಒಂದೊಂದು ನಿಯಮ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಮಕ್ಕಳು ಆರು ವರ್ಷ ಒಟ್ಟಿಗೆ ಓದುತ್ತಾರೆ.

ಬೇರೆ ಬೇರೆ ದೇಶಗಳ ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಹೋಲಿಸುವ ಪಿಸಾ ಪರೀಕ್ಷೆಯ 2000ದ ಫಲಿತಾಂಶ ಬಂದಾಗ ದೇಶವೇ ಬೆಚ್ಚಿತು. ಮಗುವಿನ ಕಲಿಕೆ ಮನೆಯ ಸ್ಥಿತಿಗತಿಗೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು. ಒಂದೇ ಮಟ್ಟದಲ್ಲಿ ಓದುವ ಇಬ್ಬರು ಮಕ್ಕಳಲ್ಲಿ, ಕಾಲೇಜು ಕಲಿತವರ ಮಗುವಿಗೇ ಗಿಮ್ನಾಜಿಯಂ ಶಿಫಾರಸು ಸಿಗುವ ಸಾಧ್ಯತೆ ಹೆಚ್ಚು ಎಂಬುದನ್ನೂ ಅಧ್ಯಯನಗಳು ತೋರಿಸಿವೆ. ನನಗೆ ಬಹಳ ನೋವು ಕೊಡುವುದು ಇದೇ. ಸಾಮರ್ಥ್ಯ ಅಳೆಯುತ್ತೇವೆ ಎಂದುಕೊಂಡು ಮನೆಯನ್ನು ಅಳೆಯುವುದು ಅನ್ಯಾಯ ಅಲ್ವಾ?

ಹಾಗಿದ್ದರೂ ಬದಲಾವಣೆ ಸುಲಭವಲ್ಲ. ತಾನೇ ಒಂದು ರಾಜ್ಯವೂ ಆಗಿರುವ ಹ್ಯಾಂಬರ್ಗ್ ನಗರ ಆರು ವರ್ಷದ ಒಟ್ಟು ಶಾಲೆಗೆ ಮುಂದಾಯಿತು. ಶಾಸನಸಭೆಯ ಎಲ್ಲ ಪಕ್ಷಗಳೂ ಒಪ್ಪಿದ್ದವು. 2010ರ ಜುಲೈನಲ್ಲಿ ನಡೆದ ಜನಮತ ಅದನ್ನು ತಿರಸ್ಕರಿಸಿತು. ಅನುಕೂಲಸ್ಥರ ಬಡಾವಣೆಗಳಲ್ಲಿ ಮತದಾನ ಜಾಸ್ತಿಯಾಗಿತ್ತು. ಪೌರತ್ವವಿಲ್ಲದ ವಲಸಿಗ ತಂದೆ-ತಾಯಿಗೆ ಮತವೇ ಇರಲಿಲ್ಲ. ಆದರೂ ಅಲ್ಲಿ ಈಗ ಗಿಮ್ನಾಜಿಯಂ ಜೊತೆಗೆ ಸ್ಟಾಡ್‌ಟೈಲ್‌ಶೂಲೆ ಎಂಬ ಶಾಲೆ ಇದೆ. ಹದಿಮೂರು ವರ್ಷ ಓದಿದರೆ ಅಲ್ಲೂ ವಿಶ್ವವಿದ್ಯಾಲಯಕ್ಕೆ ಬೇಕಾದ ಅಬಿಟೂರ್ ಸಿಗುತ್ತದೆ.