ವೇಸ್ಪ್‌ನಲ್ಲಿ ಮನೆ ಹಿಡಿಯಬಹುದಾ?

ಕೆಲಸ ಆಮ್‌ಸ್ಟರ್‌ಡಾಮ್‌ನಲ್ಲಿ, ಕೈಗೆಟುಕುವ ಮನೆ ಸಿಕ್ಕಿರುವುದು ವೇಸ್ಪ್‌ನಲ್ಲಿ. ಅದು ಸಿಟಿಯೋ ಹಳ್ಳಿಯೋ, ಹೆಂಡತಿಗೆ ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ಅಕ್ಕಾ ಅಂತ ಬೇರೆ ಕರೆದಿದ್ದೀರಿ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಲೆಕ್ಕಕ್ಕೆ ಅದು ಆಮ್‌ಸ್ಟರ್‌ಡಾಮ್. ಓಡಾಡಿದರೆ ಬೇರೆಯೇ ಊರು. 1355ರಲ್ಲೇ ಪಟ್ಟಣದ ಹಕ್ಕು ಪಡೆದ ಜಾಗ ಇದು. 2022ರ ಮಾರ್ಚ್‌ವರೆಗೂ ಸ್ವಂತ ಪುರಸಭೆ ಇತ್ತು. ಇಷ್ಟು ಚಿಕ್ಕದನ್ನು ಒಂಟಿಯಾಗಿ ನಡೆಸುವುದು ಕಷ್ಟವಾದಾಗ, ಯಾರ ಜೊತೆ ಸೇರೋಣ ಅಂತ 2018ರಲ್ಲಿ ಊರಿನವರ ಮತ ಕೇಳಿದರು. ಪಕ್ಕದ ಖೋಯ್ಸೆ ಮೇರೆನ್ ಪುರಸಭೆ ಬಿಟ್ಟು ಅವರು ಆಮ್‌ಸ್ಟರ್‌ಡಾಮ್ ಆರಿಸಿದರು. ಹಾಗಂತ ಇಲ್ಲಿನವರನ್ನು ಆಮ್‌ಸ್ಟರ್‌ಡಾಮಿನವರು ಅಂದುಬಿಡಬೇಡಿ, ಮುಖ ಸಣ್ಣಗಾಗುತ್ತದೆ!

ರೈಲಿನ ಚಿಂತೆ ಬೇಡ. ಆಮ್‌ಸ್ಟರ್‌ಡಾಮಿನ ಮುಖ್ಯ ರೈಲು ನಿಲ್ದಾಣ ಸೆಂಟ್ರಾಲ್‌ಗೆ ಕಾಲು ಗಂಟೆ ಆಸುಪಾಸು, ಸ್ಕಿಪೋಲ್ ವಿಮಾನ ನಿಲ್ದಾಣಕ್ಕೂ ನೇರ ರೈಲು.

ನಿಜವಾಗಿ ನೋಡಬೇಕಾದ್ದು ಬೇರೆ. ಆ ವಿಳಾಸದಲ್ಲಿ ನಿಮ್ಮ ಹೆಸರು ನೋಂದಾಯಿಸಲು ಮನೆ ಮಾಲೀಕರು ಒಪ್ಪುತ್ತಾರಾ? ಇದನ್ನು ಬರವಣಿಗೆಯಲ್ಲಿ ಕೇಳಿ. ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಬಂದ 5 ದಿನದೊಳಗೆ ಪುರಸಭೆಗೆ ನೋಂದಣಿಗೆ ಹೋಗಬೇಕು. ಬಿಎಸ್‌ಎನ್, ಅಂದರೆ ಇಲ್ಲಿ ಪ್ರತಿಯೊಬ್ಬರಿಗೂ ಸರ್ಕಾರ ಕೊಡುವ ಗುರುತಿನ ನಂಬರ್, ಸಿಗುವುದು ಅಲ್ಲೇ. ಸಂಬಳ, ಆರೋಗ್ಯ ವಿಮೆ, ಎಲ್ಲಕ್ಕೂ ಆ ನಂಬರೇ ಬೇಕು. "ಮನೆ ಕೊಡ್ತೀವಿ, ನೋಂದಣಿ ಮಾತ್ರ ಬೇಡ" ಅನ್ನುವವರಿಗೆ ದೂರದಿಂದಲೇ ನಮಸ್ಕಾರ ಹಾಕಿ. ಬಾಡಿಗೆ ಎಷ್ಟೇ ಕಡಿಮೆ ಇರಲಿ.

ಬೇಜಾರಿನ ವಿಷಯ. ಬೇಸಿಗೆಯಲ್ಲಿ ಇಲ್ಲ. ಫೆಖ್ಟ್ ನದಿಯಲ್ಲಿ ದೋಣಿ ಬಂದರೆ ಸೇತುವೆ ಮೇಲಕ್ಕೇಳುತ್ತದೆ, ಸೈಕಲ್‌ನವರೆಲ್ಲ ಕಾಲೂರಿ ಹರಟುತ್ತಾ ನಿಲ್ಲುತ್ತಾರೆ. ಯಾರಿಗೂ ಅವಸರವಿಲ್ಲ. ಡಿಸೆಂಬರ್ ಮಾತ್ರ ಕಷ್ಟ, ಸಂಜೆ ನಾಲ್ಕೂವರೆಗೇ ಕತ್ತಲು. ಆ ತಿಂಗಳು ಬರುವ ಮೊದಲೇ ನಿಮ್ಮ ಮನೆಯವರು ಡಚ್ ಕ್ಲಾಸಿಗೆ ಸೇರಲಿ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ ನಿಜ, ಆದರೆ ಪಕ್ಕದ ಮನೆಯ ಅಜ್ಜಿ ಮನಸ್ಸು ಬಿಚ್ಚುವುದು ಡಚ್ಚಿನಲ್ಲೇ. ಅಂದಹಾಗೆ, ಅವರು ಕಾಫಿಗೆ ಕರೆದರೆ ಹೇಳಿದ ಹೊತ್ತಿಗೇ ಹೋಗಿ. ಸುಮ್ನೆ ಬಾಗಿಲು ತಟ್ಟುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಬೇಳೆ, ಸಾಂಬಾರ್ ಪುಡಿಗೆ ಆಮ್‌ಸ್ಟರ್‌ಡಾಮ್ ಪಕ್ಕದ ಆಮ್‌ಸ್ಟಲ್‌ವೇನ್ ಊರಿನ ಇಂಡಿಯನ್ ಅಂಗಡಿಗಳು. ಹಾಗಲಕಾಯಿ, ಉದ್ದ ಅಲಸಂದೆಗೆ ಆಮ್‌ಸ್ಟರ್‌ಡಾಮಿನ ಬೈಲ್ಮರ್ ಬಡಾವಣೆಯ ಸುರಿನಾಮಿ ಅಂಗಡಿಗಳೇ ಹತ್ತಿರ. ಸುರಿನಾಮಿಗಳಲ್ಲಿ ಎಷ್ಟೋ ಜನರ ಹಿರಿಯರು 1873ರಿಂದ ಭಾರತದಿಂದ ಕೂಲಿಗೆಂದು, ದಕ್ಷಿಣ ಅಮೆರಿಕದಲ್ಲಿ ಆಗ ಡಚ್ಚರ ಕೈಯಲ್ಲಿದ್ದ ಸುರಿನಾಮ್‌ಗೆ ಹೋದವರು.

ನನ್ನನ್ನು ಕೇಳಿದರೆ ಹಿಡಿಯಿರಿ ಅಂತಲೇ ಹೇಳುತ್ತೇನೆ. ಸಹಿ ಹಾಕುವ ಮೊದಲು ಕರಾರು ಪತ್ರ ಒಮ್ಮೆ ಕಳಿಸಿ, ನೋಂದಣಿ ಬಗ್ಗೆ ಏನು ಬರೆದಿದ್ದಾರೆ ನೋಡೋಣ.