ಶಾಲಾ ಪ್ರವಾಸದಲ್ಲಿ ಮಂಗಳೂರಿನ ಪಿಲಿಕುಳ ನಿಸರ್ಗಧಾಮ ಸುತ್ತಿ ಬಂದರೂ ಮಕ್ಕಳಿಗೆ ಏನೂ ನೆನಪಿಲ್ಲ ಅಂದಿರಲ್ಲ

ಒಂದೇ ದಿನ ಜಾಸ್ತಿ ತೋರಿಸಿದ್ದೇ ಕಾರಣ ಇರಬೇಕು. ಮೃಗಾಲಯ, ತಾರಾಲಯ, ವಿಜ್ಞಾನ ಕೇಂದ್ರ ಎಲ್ಲ ಒಟ್ಟಿಗೆ ಅಂದರೆ ಮಕ್ಕಳು ಸುಮ್ನೆ ನಡೆದು ಸುಸ್ತಾಗುತ್ತಾರೆ. ನಮ್ಮಲ್ಲೂ ಹಾಗೇ ಆಗಿತ್ತು.

ಈ ಸಲ ಒಂದೇ ವಿಷಯ ಹಿಡಿಯಿರಿ. ನೀವು ಉಡುಪಿಯವರು, ಮಲ್ಪೆ ಮೀನುಗಾರಿಕೆ ಬಂದರು ಹತ್ತಿರವೇ ಇದೆ ಅಲ್ವಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಬಲೆ ಸರಿಮಾಡುವ ಒಬ್ಬರನ್ನು ಶಾಲೆಗೆ ಕರೆಯಿರಿ. ಭಾಷಣ, ಮೈಕ್, ಹಾರ ಏನೂ ಬೇಡ. ಅವರು ತುಳುವಿನಲ್ಲೇ ಮಾತಾಡಲಿ, ಮಕ್ಕಳ ಕೈಗೆ ನೂಲು ಕೊಡಲಿ. ತಾನೇ ಗಂಟು ಹಾಕಿದ ಮಗುವಿನಿಂದ ಪ್ರಶ್ನೆಗಳು ತಾವಾಗಿ ಬರುತ್ತವೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಪ್ರಶ್ನೆಗಳನ್ನು ಬರೆದಿಡಿ. ಬಲೆ ಕಲಿಸಲು ಬಂದವರ ಅರ್ಧ ದಿನದ ಕೂಲಿಯನ್ನು ಮರೆಯದೆ ಕೊಡಿ.

ಮಳೆ ಕಡಿಮೆಯಾದ ಮೇಲೆ ಬಂದರಿಗೆ ಹೋಗಿ. ಐದೈದು ಮಕ್ಕಳ ಗುಂಪು, ಗುಂಪಿಗೆ ಒಂದೇ ಕೆಲಸ: ಬಂಗುಡೆ, ಬೂತಾಯಿ ಮೀನುಗಳ ಚಿತ್ರ ಬರೆಯುವುದು, ಬಲೆಯ ಕಣ್ಣು (ರಂಧ್ರ) ಅಳೆಯುವುದು, ಐಸ್ ಎಷ್ಟು ಬೇಕೆಂದು ಕೇಳುವುದು. ಮರುದಿನವೇ ತರಗತಿಯಲ್ಲಿ ಹೇಳಿಸಿ.

ಒಂದು, ಎರಡನೇ ತರಗತಿಯವರಿಗೆ ಬಂದರಿನ ಭೇಟಿ ಹೊಂದುತ್ತದೆಯೇ ಎಂದು ಖಚಿತವಾಗಿ ಹೇಳಲಾರೆ, ಅಲ್ಲಿ ನೆಲ ಜಾರುತ್ತದೆ. ಬಲೆಯ ಕೆಲಸ ಗೊತ್ತಿರುವವರು ಹೆತ್ತವರಲ್ಲೇ ಇರಬಹುದು, ಮೊದಲು ಅಲ್ಲಿ ವಿಚಾರಿಸಿ.