ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಬೇಕಾದ ತಂತ್ರಾಂಶಕ್ಕೆ ಯಾವ ಎಸ್‌ಎಸ್‌ಎಚ್ ಲೈಬ್ರರಿ ಒಳ್ಳೆಯದು?

ದೂರದ ಲಿನಕ್ಸ್ ಸರ್ವರ್‌ಗಳಿಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಸಂಪರ್ಕ ಮಾಡಿ, ಒಂದೆರಡು ಕಮಾಂಡ್ ಓಡಿಸಿ, ಲಾಗ್ ಕಡತಗಳನ್ನು ಇಳಿಸಿಕೊಳ್ಳುವ ತಂತ್ರಾಂಶ ಬೇಕು. ಪೈಥಾನ್ ಚೆನ್ನಾಗಿ ಗೊತ್ತು, ಜಾವಾ ಮತ್ತು ಸಿ ತಕ್ಕಮಟ್ಟಿಗೆ ಗೊತ್ತು, ಬೇಕಾದರೆ ಗೋ ಕಲಿಯುತ್ತೇನೆ ಎಂದಿದ್ದೀರಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಂತ್ರಾಂಶ ನಿಮ್ಮ ತಂಡದೊಳಗೇ ಉಳಿಯುವುದಾದರೆ ಪೈಥಾನಿನ ಪ್ಯಾರಾಮಿಕೊ. ಪೈಥಾನ್ ಹಾಕಿಕೊಳ್ಳದ ಜನರ ಕೈಗೆ ಕೊಡುವುದಾದರೆ ಗೋ, ಏಕೆಂದರೆ ಅಲ್ಲಿ ಒಂದೇ ಕಡತವನ್ನು ಕಳುಹಿಸಿದರೆ ಕೆಲಸ ಮುಗಿಯಿತು.

ಅದಕ್ಕೂ ಮೊದಲು, ಲೈಬ್ರರಿ ನಿಜವಾಗಿಯೂ ಬೇಕೇ ಎಂದು ನೋಡಿಕೊಳ್ಳಿ. 2018ರಿಂದೀಚೆಗೆ ವಿಂಡೋಸ್ 10ರಲ್ಲೂ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್, ಅಂದರೆ ಸರ್ವರ್‌ಗೆ ಸಂಪರ್ಕ ಮಾಡುವ ಸಿದ್ಧ ಕಮಾಂಡ್, ಇದೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಅದು ಹೊಸದೇನಲ್ಲ. ನಿಮ್ಮ ಪ್ರೋಗ್ರಾಂ ಅದನ್ನೇ ಕರೆದು ಕೆಲಸ ಮಾಡಿಸಿದರೆ, ಬಳಕೆದಾರರು ಈಗಾಗಲೇ ಬರೆದಿಟ್ಟುಕೊಂಡ ಕಾನ್ಫಿಗ್ ಕಡತ, ದಾಟಿ ಹೋಗಬೇಕಾದ ನಡುವಿನ ಜಂಪ್ ಸರ್ವರ್, ಪಾಸ್‌ವರ್ಡ್ ಬದಲು ಬಳಸುವ ಕೀಲಿ ಎಲ್ಲವೂ ಪುಕ್ಕಟೆಯಾಗಿ ದಕ್ಕುತ್ತವೆ. ರಾತ್ರಿಯ ಬ್ಯಾಕಪ್‌ನಂತಹ ಕೆಲಸಕ್ಕೆ ಇಷ್ಟೇ ಸಾಕು. ಏಕಕಾಲಕ್ಕೆ ಹತ್ತಾರು ಸಂಪರ್ಕಗಳನ್ನು ನಿಭಾಯಿಸಬೇಕು, ಅಥವಾ ತಪ್ಪಾದಾಗ ಏಕೆ ತಪ್ಪಾಯಿತು ಎಂದು ಖಚಿತವಾಗಿ ತಿಳಿಯಬೇಕು ಎಂದಾಗ ಮಾತ್ರ ಈ ದಾರಿ ಸಾಲದು. ಸರ್ವರ್ ಸಿಗದಿದ್ದರೂ, ಲಾಗಿನ್ ಆಗದಿದ್ದರೂ ಆ ಕ್ಲೈಂಟ್ ಹಿಂದಿರುಗಿಸುವುದು 255 ಎಂಬ ಒಂದೇ ಸಂಖ್ಯೆಯನ್ನು.

ಲೈಬ್ರರಿಯೇ ಬೇಕು ಎಂದಾದರೆ, 'ಮೂರೂ ವ್ಯವಸ್ಥೆಗಳಲ್ಲಿ ಓಡುತ್ತದೆ' ಎಂಬ ಮಾತನ್ನು ಪೂರ್ತಿ ನಂಬಬೇಡಿ. ತಂತಿಯ ಮೇಲೆ ಹರಿಯುವ ಎಸ್‌ಎಸ್‌ಎಚ್ ಎಲ್ಲ ಕಡೆ ಒಂದೇ. ವ್ಯತ್ಯಾಸ ಇರುವುದು ಕೀಲಿಗಳ ಬಳಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕೀಲಿಗಳನ್ನು ಹಿಡಿದಿಟ್ಟುಕೊಳ್ಳುವ ಏಜೆಂಟ್ ಒಂದು ಯುನಿಕ್ಸ್ ಸಾಕೆಟ್‌ನಲ್ಲಿ (ಒಂದೇ ಯಂತ್ರದ ಪ್ರೋಗ್ರಾಂಗಳು ಪರಸ್ಪರ ಮಾತನಾಡುವ ದಾರಿ) ಕುಳಿತಿರುತ್ತದೆ. ವಿಂಡೋಸ್‌ನಲ್ಲಿ ಆ ದಾರಿ ನೇಮ್ಡ್ ಪೈಪ್. ಪುಟಿ ಎಂಬ ಎಸ್‌ಎಸ್‌ಎಚ್ ತಂತ್ರಾಂಶ ಬಳಸುವವರಲ್ಲಿ ಪೇಜೆಂಟ್ ಎಂಬ ಇನ್ನೊಂದೇ ಏಜೆಂಟ್. ಪ್ಯಾರಾಮಿಕೊದ ಈಚಿನ ಆವೃತ್ತಿಗಳಿಗೆ ಈ ಮೂರೂ ಗೊತ್ತು. ಗೋ ಭಾಷೆಯ ಅಧಿಕೃತ ಕ್ರಿಪ್ಟೊ ಭಂಡಾರದಲ್ಲಿರುವ ಎಸ್‌ಎಸ್‌ಎಚ್ ಪ್ಯಾಕೇಜಿಗೆ ಏಜೆಂಟಿನೊಡನೆ ಮಾತನಾಡಲು ಬರುತ್ತದೆ, ಆದರೆ ಪೈಪನ್ನು ತೆರೆದುಕೊಡುವ ಕೆಲಸ ನಿಮ್ಮದು. ಮೈಕ್ರೋಸಾಫ್ಟ್‌ನ ಗೋ-ವಿನ್‌ಐಒ ಪ್ಯಾಕೇಜ್ ಅದಕ್ಕೆ ಸಾಕು. ಬಳಕೆದಾರರ ಕಾನ್ಫಿಗ್ ಕಡತವನ್ನೂ ಗೋ ತಾನಾಗಿ ಓದುವುದಿಲ್ಲ.

ಸಿ ಕಡೆ ಇದಕ್ಕಿಂತ ಸೂಕ್ಷ್ಮವಾದ ತೊಡಕಿದೆ. ಲಿಬ್‌ಎಸ್‌ಎಸ್‌ಎಚ್2 ಎಂಬುದು ಲಿಬ್‌ಎಸ್‌ಎಸ್‌ಎಚ್‌ನ ಎರಡನೇ ಆವೃತ್ತಿಯಲ್ಲ. ಎರಡೂ ಬೇರೆ ಬೇರೆ ಯೋಜನೆಗಳು. ಲಿಬ್‌ಎಸ್‌ಎಸ್‌ಎಚ್2 ಬಿಎಸ್‌ಡಿ ಪರವಾನಗಿಯದ್ದು, ಕ್ಲೈಂಟ್ ಮಾತ್ರ. ಲಿಬ್‌ಎಸ್‌ಎಸ್‌ಎಚ್ ಎಲ್‌ಜಿಪಿಎಲ್ ಪರವಾನಗಿಯದ್ದು, ಅದರಲ್ಲಿ ಸರ್ವರನ್ನೂ ಬರೆಯಬಹುದು. 2018ರಲ್ಲಿ ಆ ಸರ್ವರ್ ಭಾಗದಲ್ಲಿ ಒಂದು ವಿಚಿತ್ರ ದೋಷ ಸಿಕ್ಕಿತ್ತು: ಪರೀಕ್ಷೆಗೆ ಬಂದ ಹುಡುಗನೇ 'ನಾನು ಪಾಸು' ಎಂದು ಘೋಷಿಸಿ ಒಳಗೆ ನಡೆದಂತೆ, ಲಾಗಿನ್ ಯಶಸ್ವಿಯಾಯಿತು ಎಂಬ ಸಂದೇಶವನ್ನು ಕ್ಲೈಂಟೇ ಕಳುಹಿಸಿದರೆ ಸರ್ವರ್ ಒಪ್ಪಿಬಿಡುತ್ತಿತ್ತು. ಆ ದೋಷ ಸರಿಯಾಗಿದೆ, ಕ್ಲೈಂಟ್ ಬರೆಯುವ ನಿಮಗೆ ಅದು ತಟ್ಟುವುದೂ ಇಲ್ಲ. ನಿಮಗೆ ತಟ್ಟುವುದು ಬೇರೆ. ಲಿಬ್‌ಎಸ್‌ಎಸ್‌ಎಚ್2ನ್ನು ವಿಂಡೋಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿ ಇಲ್ಲದೆ, ವಿಂಡೋಸ್‌ನದ್ದೇ ಆದ ಸಿಎನ್‌ಜಿ ಜೊತೆ ಕಟ್ಟಬಹುದು; ಒಂದು ಹೊರೆ ಕಡಿಮೆಯಾಯಿತು ಎಂದು ಖುಷಿಯಾಗುತ್ತದೆ. ಆದರೆ ಹಾಗೆ ಕಟ್ಟಿದಾಗ ಇಡಿ25519 ಎಂಬ ಬಗೆಯ ಕೀಲಿಗಳು ನಡೆಯುವುದಿಲ್ಲ. ಅದೇ ಕೋಡ್, ಅದೇ ಕೀಲಿ: ಲಿನಕ್ಸ್‌ನಲ್ಲಿ ಬಾಗಿಲು ತೆರೆಯುತ್ತದೆ, ವಿಂಡೋಸ್‌ನಲ್ಲಿ ಇಲ್ಲ.

ಇನ್ನು ಜಾವಾ. ಅಂತರಜಾಲದ ಉದಾಹರಣೆಗಳೆಲ್ಲ ಜೆಎಸ್‌ಸಿಎಚ್ ಎನ್ನುತ್ತವೆ. ಅದರ ಮೂಲ ಯೋಜನೆಯ ಕೊನೆಯ ಬಿಡುಗಡೆ 0.1.55, ಬಂದದ್ದು 2018ರಲ್ಲಿ. ಸರ್ವರ್‌ಗಳು ಅಲ್ಲೇ ನಿಂತಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8, ಎಸ್‌ಎಚ್‌ಎ-1 ಎಂಬ ಹಳೆಯ, ದುರ್ಬಲ ಹ್ಯಾಶ್ ಬಳಸುವ ಆರ್‌ಎಸ್‌ಎ ಸಹಿಯನ್ನು ಒಪ್ಪುವುದನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಿತು. ಕೀಲಿ ಸರಿಯಾಗಿಯೇ ಇರುತ್ತದೆ, ಸಹಿ ಮಾಡುವ ವಿಧಾನ ಮಾತ್ರ ಹಳತು. ಆದರೆ ನಿಮಗೆ ಕಾಣುವುದು 'ಆಥ್ ಫೇಲ್' ಎಂಬ ಎರಡೇ ಪದ. ಆಗ ಬಹಳ ಜನ ಸರ್ವರ್‌ನಲ್ಲಿ ಹಳೆಯ ವಿಧಾನವನ್ನು ಮತ್ತೆ ತೆರೆದಿಡುತ್ತಾರೆ. ಒಂದು ಲೈಬ್ರರಿಯ ಸೋಮಾರಿತನಕ್ಕೆ ಸರ್ವರಿನ ಭದ್ರತೆಯನ್ನು ಸಡಿಲಿಸುವುದು ನನಗಂತೂ ಒಪ್ಪಿಗೆಯಿಲ್ಲ. ಜೆಎಸ್‌ಸಿಎಚ್‌ನಿಂದ ಕವಲೊಡೆದು ಇಂದಿಗೂ ಮುಂದುವರಿಯುತ್ತಿರುವ ಯೋಜನೆಯೊಂದಿದೆ. ಅದರಲ್ಲಿ ಪ್ಯಾಕೇಜ್ ಹೆಸರುಗಳು ಹಿಂದಿನವೇ ಆದ್ದರಿಂದ ಸಾಮಾನ್ಯವಾಗಿ ಜಾರ್ ಕಡತವನ್ನು ಬದಲಿಸಿದರೆ ಸಾಕು. ಹೊಸದಾಗಿ ಬರೆಯುವುದಾದರೆ ಅಪಾಚೆ ಮೀನಾ ಎಸ್‌ಎಸ್‌ಎಚ್‌ಡಿ ನೋಡಿ. ಯಾವ ಲೈಬ್ರರಿಯಾದರೂ ಸರಿ, 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ, ಎಸ್‌ಎಸ್‌ಎಚ್ ಮೇಲಿನ ಟೆರಾಪಿನ್ ದಾಳಿಗೆ ಅದು ಪರಿಹಾರ ಸೇರಿಸಿದೆಯೇ ಎಂದು ಬಿಡುಗಡೆ ಟಿಪ್ಪಣಿಯಲ್ಲಿ ಹುಡುಕಿ. ಯೋಜನೆ ಜೀವಂತವಾಗಿದೆಯೇ ಎಂದು ತಿಳಿಯಲು ಗಿಟ್‌ಹಬ್‌ನ ನಕ್ಷತ್ರಗಳಿಗಿಂತ ಅದು ವಾಸಿ.

ಪ್ಯಾರಾಮಿಕೊ ಹಿಡಿದರೆ ಎರಡು ಸಂಗತಿ. ಗೊತ್ತಿಲ್ಲದ ಸರ್ವರನ್ನು ಅದು ತಾನಾಗಿ ತಿರಸ್ಕರಿಸುತ್ತದೆ, ಅದೇ ಸರಿ. ಆದರೆ ನಕಲು ಮಾಡಿಕೊಳ್ಳುವ ಪ್ರತಿಯೊಂದು ಉದಾಹರಣೆಯಲ್ಲೂ 'ಆಟೋಆ್ಯಡ್‌ಪಾಲಿಸಿ' ಎಂಬ ಸಾಲು ಇರುತ್ತದೆ; ಮೊದಲ ಸಲ ಎದುರಿಗೆ ಯಾರು ಬಂದರೂ ನಂಬು ಎಂದು ಅದರ ಅರ್ಥ. ಆ ಸಾಲನ್ನು ತೆಗೆದು, ಪರಿಚಿತ ಸರ್ವರ್‌ಗಳ ಕೀಲಿಗಳಿರುವ ನೋನ್ ಹೋಸ್ಟ್ಸ್ ಕಡತವನ್ನು ಓದಿಸಿ. ಗೋ ಇಲ್ಲಿ ಕಟ್ಟುನಿಟ್ಟು: ಹೋಸ್ಟ್ ಕೀಲಿಯನ್ನು ಪರೀಕ್ಷಿಸುವ ಫಂಕ್ಷನ್ ಕೊಡದಿದ್ದರೆ ಸಂಪರ್ಕವೇ ಆಗುವುದಿಲ್ಲ. ಎರಡನೆಯದು, ಕಮಾಂಡ್ ಓಡಿಸಿದ ಕೂಡಲೇ ಅದು ಸರಿಯಾಗಿ ಮುಗಿಯಿತೇ ಎಂದು ಹೇಳುವ ಎಕ್ಸಿಟ್ ಸ್ಟೇಟಸ್‌ಗಾಗಿ ಕಾಯಬೇಡಿ. ಮೊದಲು ಔಟ್‌ಪುಟ್ ಓದಿ ಮುಗಿಸಿ. ಪೂರ್ವನಿಯೋಜಿತ ವಿಂಡೋ, ಅಂದರೆ ನೀವು ಓದುವ ಮೊದಲು ಸರ್ವರ್ ಕಳುಹಿಸಬಹುದಾದ ಗರಿಷ್ಠ ಪ್ರಮಾಣ, 2 ಎಂಬಿ. ಲಾಗ್ ಅದಕ್ಕಿಂತ ದೊಡ್ಡದಾದರೆ ನೀವು ಓದುವವರೆಗೆ ಸರ್ವರ್ ಮುಂದೆ ಕಳುಹಿಸುವುದಿಲ್ಲ, ಕಮಾಂಡ್ ಮುಗಿಯುವವರೆಗೆ ನೀವು ಓದುವುದಿಲ್ಲ. ಇಬ್ಬರೂ ಕಾಯುತ್ತಲೇ ಕೂರುತ್ತೀರಿ. ಪರೀಕ್ಷೆಗೆಂದು ಇಟ್ಟ ಸಣ್ಣ ಕಡತದಲ್ಲಿ ಇದು ಎಂದೂ ಕಾಣಿಸುವುದಿಲ್ಲ.

ಸರ್ವರ್‌ಗಳ ಬದಲು ರೂಟರ್, ಸ್ವಿಚ್‌ಗಳಿದ್ದರೆ ಪ್ಯಾರಾಮಿಕೊ ಮೇಲೆಯೇ ಕಟ್ಟಿದ ನೆಟ್‌ಮಿಕೊ ಬಳಸಿ. ಕಮಾಂಡ್ ಸಾಲದು, ದೂರದ ಕಂಪ್ಯೂಟರಿನ ಪರದೆಯೇ ಬೇಕು ಎಂದಾದರೆ ಎಸ್‌ಎಸ್‌ಎಚ್ ಬಿಟ್ಟು ಫ್ರೀಆರ್‌ಡಿಪಿ ಅಥವಾ ಲಿಬ್‌ವಿಎನ್‌ಸಿ ಕಡೆ ಹೋಗಬೇಕಾಗುತ್ತದೆ. ಅದನ್ನು ಬೇರೆ ಪ್ರಶ್ನೆಯಾಗಿ ಕೇಳಿ, ಬರೆಯುತ್ತೇನೆ.